ಘಟ್ಟ ಮುಚ್ಚಿದ ದಿನ ಯಾವ ದಾರಿ? ಹುಬ್ಬಳ್ಳಿ, ಹಾವೇರಿ, ಗದಗಿನಿಂದ ಕರಾವಳಿಗೆ ಇಳಿಯುವವರಿಗೆ ಒಂದು ಹೋಲಿಕೆ

ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಕರಾವಳಿಗೆ ಇಳಿಯಲು ಅರಬೈಲ್, ದೇವಿಮನೆ, ಗೇರುಸೊಪ್ಪ, ಅಣಶಿ, ಅನಮೋಡ ಎಂದು ಐದು ಮುಖ್ಯ ಘಟ್ಟಗಳಿದ್ದರೂ ನಮ್ಮಲ್ಲಿ ಹೆಚ್ಚಿನವರಿಗೆ ರೂಢಿಯಾಗಿರುವುದು ಅರಬೈಲ್ ಒಂದೇ. ಮಳೆಗಾಲದಲ್ಲಿ ಅಲ್ಲಿ ಧರೆ ಕುಸಿಯಿತು ಅಥವಾ ಬಂಡೆ ಉರುಳಿತು ಎಂಬ ಸುದ್ದಿ ಬಂದಾಗ ಕೆಲವರು ‘ನಾವು ಹೋಗುವಷ್ಟರಲ್ಲಿ ತೆರವಾಗಿರುತ್ತದೆ’ ಎಂದು ಹೊರಟು, ಯಲ್ಲಾಪುರ ದಾಟಿ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಇನ್ನು ಕೆಲವರು ಮೊಬೈಲಿನ ನಕ್ಷೆಯಲ್ಲಿ ಕಂಡ ಯಾವುದೋ ಕಿರಿದಾದ ದಾರಿಗೆ ವಾಹನ ತಿರುಗಿಸಿ, ಬಿಟ್ಟುಬಂದ ಹೆದ್ದಾರಿಗಿಂತ ಹೆಚ್ಚು ಅಪಾಯವಿರುವ ಕಡೆಗೆ ಹೋಗುತ್ತಾರೆ. ಎರಡೂ ತಪ್ಪುಗಳನ್ನು ನಾನೇ ಮಾಡಿದ್ದೇನೆ. ಅಕ್ಕನ ಮನೆ ಕುಮಟಾದಲ್ಲಿರುವುದರಿಂದ ವರ್ಷಕ್ಕೆ ನಾಲ್ಕಾರು ಸಲ ಘಟ್ಟ ಇಳಿಯುವ ನನಗೆ ಇಷ್ಟು ವರ್ಷಗಳಲ್ಲಿ ಗಟ್ಟಿಯಾಗಿ ಮನದಟ್ಟಾಗಿರುವುದು ಒಂದೇ ಸಂಗತಿ: ದಾರಿಯ ಆಯ್ಕೆ ಘಟ್ಟದ ಬಾಯಿಗೆ ಹೋಗಿ ಮಾಡುವಂಥದ್ದಲ್ಲ, ಅದಕ್ಕೂ ಹಿಂದಿನ ಊರಿನಲ್ಲಿ, ಕರಾವಳಿಯ ಯಾವ ಊರಿಗೆ ಹೋಗಬೇಕಾಗಿದೆ ಎಂಬುದನ್ನು ಮುಂದಿಟ್ಟುಕೊಂಡು ಮಾಡಬೇಕಾದದ್ದು.

ಮೊದಲು ಕುಸಿತದ ಬಗೆಯನ್ನು ತಿಳಿಯಿರಿ

‘ಘಟ್ಟ ಬಂದ್’ ಎಂಬ ಎರಡು ಪದಗಳ ಹಿಂದೆ ಬೇರೆ ಬೇರೆ ಸ್ಥಿತಿಗಳಿರುತ್ತವೆ. ಕಾಯಬೇಕೋ ಸುತ್ತಿ ಹೋಗಬೇಕೋ ಎಂಬುದು ಮುಖ್ಯವಾಗಿ ಆ ಸ್ಥಿತಿಯನ್ನೇ ಅವಲಂಬಿಸಿದೆ. ಒಂದೆರಡು ಬಂಡೆ ಉರುಳಿ ಅಥವಾ ಮರ ಬಿದ್ದು ದಾರಿ ಕಟ್ಟಿದ್ದರೆ ಜೆಸಿಬಿ ಬಂದು ಕೆಲವು ಗಂಟೆಗಳಲ್ಲಿ ಒಂದು ಬದಿಯನ್ನಾದರೂ ತೆರವು ಮಾಡುತ್ತದೆ. ಧರೆ ಕುಸಿದು ಮಣ್ಣು ರಸ್ತೆಯ ಮೇಲೆ ಹರಡಿದ್ದರೆ, ಮಣ್ಣು ತೆಗೆದಂತೆಲ್ಲ ಮೇಲಿನಿಂದ ಇನ್ನಷ್ಟು ಜಾರುವುದರಿಂದ, ಮಳೆ ಬಿಡುವ ತನಕ ಕೆಲಸ ಮುಗಿಯುವುದಿಲ್ಲ. ಅದಕ್ಕೆ ಒಂದು ದಿನವೂ ಹಿಡಿಯಬಹುದು, ಮೂರು ದಿನವೂ ಹಿಡಿಯಬಹುದು. ಮೂರನೆಯದು ರಸ್ತೆಯ ಕಣಿವೆ ಬದಿಯ ಅಂಚೇ ಕುಸಿದು ಹೋಗುವುದು. ಸುದ್ದಿಯಲ್ಲಿ ಇದು ಚಿಕ್ಕದಾಗಿ ಕಾಣುತ್ತದೆ, ರಸ್ತೆಯ ಅರ್ಧ ಭಾಗ ಚೆನ್ನಾಗಿಯೇ ಉಳಿದಿರುತ್ತದೆ. ಆದರೆ ಕೆಳಗಿನಿಂದ ತಡೆಗೋಡೆ ಕಟ್ಟಿ ಮೇಲೆ ಬರಬೇಕಾಗಿರುವುದರಿಂದ ಭಾರಿ ವಾಹನಗಳಿಗೆ ಆ ದಾರಿ ವಾರಗಟ್ಟಲೆ, ಕೆಲವೊಮ್ಮೆ ಇಡೀ ಮಳೆಗಾಲ ಮುಚ್ಚಿರುತ್ತದೆ. ಇಡೀ ಗುಡ್ಡವೇ ಜಾರಿದರೆ ಆ ವಾರದ ಪ್ರಯಾಣಕ್ಕೆ ಆ ದಾರಿಯ ಆಸೆ ಬಿಡಬೇಕು.

ಹೀಗಾಗುವುದಕ್ಕೆ ಅಲ್ಲಿನ ಮಣ್ಣಿನ ರಚನೆಯೇ ಕಾರಣ. ಕರಾವಳಿಯ ಗುಡ್ಡಗಳ ಮೇಲ್ಪದರದಲ್ಲಿ ನೀರನ್ನು ಹೀರಿಕೊಳ್ಳುವ ಚಿರೇಕಲ್ಲು, ಅದರ ಅಡಿಯಲ್ಲಿ ಶೇಡಿ ಮಣ್ಣು ಎಂದು ಕರೆಯುವ ನುಣುಪಾದ ಜೇಡಿ ಇರುವ ಕಡೆ, ದಿನಗಟ್ಟಲೆ ಸುರಿದ ಮಳೆ ಕೆಳಗಿಳಿದು ಆ ಜೇಡಿಯನ್ನು ಜಾರುಬಂಡೆಯಂತೆ ಮಾಡುತ್ತದೆ. ರಸ್ತೆಗಾಗಿ ಗುಡ್ಡದ ಬುಡವನ್ನು ನೆಟ್ಟಗೆ ಕಡಿದಿದ್ದರೆ ಮೇಲಿನ ಭಾರಕ್ಕೆ ಆಸರೆಯೇ ಉಳಿಯುವುದಿಲ್ಲ. ನೀರು ಒಳಗಿಳಿಯಲು ಸಮಯ ಬೇಕಾಗುವುದರಿಂದ, ಮಳೆ ನಿಂತು ಬಿಸಿಲು ಬಿದ್ದ ಮಾರನೆಯ ದಿನವೂ ಗುಡ್ಡ ಜಾರಬಲ್ಲದು. ಆದ್ದರಿಂದ ‘ಇವತ್ತು ಮಳೆ ಇಲ್ಲವಲ್ಲ’ ಎಂಬ ಧೈರ್ಯಕ್ಕೆ ಆಧಾರವಿಲ್ಲ. ನಮ್ಮ ಊರಿನ ಆಕಾಶ ನೋಡಿ ಲೆಕ್ಕ ಹಾಕುವುದಂತೂ ಇನ್ನೂ ದೊಡ್ಡ ತಪ್ಪು. ಹುಬ್ಬಳ್ಳಿಯಲ್ಲಿ ವರ್ಷವಿಡೀ ಬೀಳುವ ಮಳೆ 700-800 ಮಿಲಿಮೀಟರಿನ ಆಸುಪಾಸು, ಕಾರವಾರದ ಕರಾವಳಿಯಲ್ಲಿ ಅದು 3000 ದಾಟುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 115.6 ಮಿಲಿಮೀಟರ್ ಮುಟ್ಟಿದ ಮಳೆ ‘ಅತಿ ಭಾರಿ’, 204.4 ದಾಟಿದ್ದು ‘ಅತ್ಯಂತ ಭಾರಿ’. ಉತ್ತರ ಕನ್ನಡಕ್ಕೆ ಇಂಥ ಮುನ್ಸೂಚನೆ ಸತತವಾಗಿ ಎರಡು ದಿನ ಇದ್ದರೆ ಮೂರನೆಯ ದಿನದ ಪ್ರಯಾಣವನ್ನೂ ನಾನು ಮುಂದೂಡುತ್ತೇನೆ.

ಅರಬೈಲ್: ಹತ್ತಿರದ ದಾರಿ, ಎರಡು ಬಗೆಯ ತಡೆ

ಕಲಘಟಗಿ, ಯಲ್ಲಾಪುರದ ಮೇಲೆ ಅಂಕೋಲೆಗೆ ಇಳಿಯುವ ಈ ದಾರಿ ಹಿಂದೆ ರಾಷ್ಟ್ರೀಯ ಹೆದ್ದಾರಿ 63 ಆಗಿತ್ತು, ಈಗ 52. ಹುಬ್ಬಳ್ಳಿಯಿಂದ ಅಂಕೋಲೆಗೆ ಸುಮಾರು 135 ಕಿಲೋಮೀಟರ್. ಕಾರವಾರ ಅಥವಾ ಅಂಕೋಲೆಗೆ ಹೋಗುವವರಿಗೆ ಇದಕ್ಕೆ ಸಾಟಿಯಾದ ಇನ್ನೊಂದು ದಾರಿ ಇಲ್ಲ: ರಸ್ತೆ ಅಗಲ, ತಿರುವುಗಳು ಭಾರಿ ಲಾರಿಗಳಿಗೂ ಒಗ್ಗುವಂಥವು, ಬಸ್ಸುಗಳು ಹೆಚ್ಚು. ತೆರೆದಿದ್ದರೆ ಇದೇ ಮೊದಲ ಆಯ್ಕೆ.

ಆದರೆ ಈ ದಾರಿಗೆ ತಡೆ ಎರಡು ಕಡೆಯಿಂದ ಬರುತ್ತದೆ. ಇಡಗುಂದಿ ದಾಟಿದ ಮೇಲಿನ ಘಟ್ಟದಲ್ಲಿ ಧರೆ ಕುಸಿಯುವ ಭಯವಿದ್ದರೆ, ಘಟ್ಟ ಇಳಿದು ರಾಮನಗುಳಿ, ಸುಂಕಸಾಳದ ಬಳಿ ಹೆದ್ದಾರಿ ಗಂಗಾವಳಿಯ ಪಕ್ಕದಲ್ಲೇ ಸಾಗುವುದರಿಂದ ಹೊಳೆ ಉಕ್ಕಿದರೆ ರಸ್ತೆಯ ಮೇಲೆ ನೀರು ಬರುತ್ತದೆ. ಗಂಗಾವಳಿ ಎಂದರೆ ನಮ್ಮದೇ ನೀರು; ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಕಲಘಟಗಿಯ ಕಡೆ ಬೇಡ್ತಿಯನ್ನು ಸೇರಿ, ಘಟ್ಟ ಇಳಿದು ಗಂಗಾವಳಿಯಾಗುತ್ತದೆ. ಹಾಗಾಗಿ ಧಾರವಾಡ, ಕಲಘಟಗಿಯ ಸುತ್ತ ರಾತ್ರಿಯೆಲ್ಲ ಮಳೆ ಹೊಡೆದಿದ್ದರೆ ಅಂಕೋಲಾ ತಾಲೂಕಿನಲ್ಲಿ ಮರುದಿನ ಹೊಳೆ ಏರುವ ಸಂಭವವಿದೆ ಎಂದು ತಿಳಿಯಬೇಕು. 2021ರ ಜುಲೈ ಕೊನೆಯ ಮಳೆಯಲ್ಲಿ ಎರಡೂ ಒಟ್ಟಿಗೇ ಆದವು: ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿ ಕೆಲವು ದಿನ ಮುಚ್ಚಿತು, ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತೋಟ-ಮನೆಗಳು ಮಣ್ಣುಪಾಲಾದವು, ಗುಳ್ಳಾಪುರದಲ್ಲಿ ಗಂಗಾವಳಿಯ ಸೇತುವೆ ಕೊಚ್ಚಿಹೋಯಿತು.

ಇದಕ್ಕೆ ಮೂರನೆಯ ತೊಡಕೊಂದನ್ನು ಸೇರಿಸಿಕೊಳ್ಳಬೇಕು, ಏಕೆಂದರೆ ಹೆಚ್ಚಿನವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಕೋಲೆಗೆ ಇಳಿದ ಮೇಲೆ ಕುಮಟಾ, ಹೊನ್ನಾವರ, ಮುರ್ಡೇಶ್ವರದ ಕಡೆ ಹೋಗುವವರು ಕರಾವಳಿಯ ಹೆದ್ದಾರಿ 66ರಲ್ಲಿ ಶಿರೂರನ್ನು ಹಾಯಬೇಕು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಜಾರಿ ರಸ್ತೆಯನ್ನು, ರಸ್ತೆ ಬದಿಯ ಚಹಾ ಹೋಟೆಲನ್ನು, ನಿಂತಿದ್ದ ವಾಹನಗಳನ್ನು ಗಂಗಾವಳಿಗೆ ತಳ್ಳಿತು. ಸತ್ತವರು ಮತ್ತು ಕಾಣೆಯಾದವರು ಸೇರಿ ಹನ್ನೊಂದು ಜನ. ಆ ಹೆದ್ದಾರಿ ವಾರಗಟ್ಟಲೆ ಮುಚ್ಚಿತ್ತು. ಅರಬೈಲ್ ತೆರೆದಿದ್ದರೂ ಅಂಕೋಲೆಯಿಂದ ಕುಮಟೆಗೆ ಹೆದ್ದಾರಿಯಲ್ಲಿ ನೇರವಾಗಿ ಹೋಗುವಂತಿರಲಿಲ್ಲ. ಆ ವಾರ ಅಕ್ಕನನ್ನು ನೋಡಲು ಹೊರಟ ನಾನು ಕಲಿತದ್ದು ಇದು: ಕುಮಟೆಗೆ ಹೋಗುವವನು ಘಟ್ಟವನ್ನೂ ಕುಮಟೆಯ ಬದಿಯಲ್ಲೇ ಆರಿಸಿಕೊಳ್ಳಬೇಕು, ಕಾರವಾರಕ್ಕೆ ಹೋಗುವವನು ಕಾರವಾರದ ಬದಿಯಲ್ಲಿ.

ದೇವಿಮನೆ: ಕುಮಟಾ, ಗೋಕರ್ಣಕ್ಕೆ

ಹಾವೇರಿಯಿಂದ ಶಿರಸಿಯ ಮೇಲೆ ಕುಮಟೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 766ಇ ಈ ಘಟ್ಟದಲ್ಲಿ ಸಾಗುತ್ತದೆ. ಹಾವೇರಿ ಜಿಲ್ಲೆಯವರಿಗೆ ಇದು ಸಹಜ ದಾರಿ. ಬ್ಯಾಡಗಿ, ಹಾನಗಲ್ಲಿನ ಜನ ಹುಬ್ಬಳ್ಳಿಯ ಕಡೆ ತಿರುಗುವ ಕಾರಣವೇ ಇಲ್ಲ. ಗದಗಿನವರು ಲಕ್ಷ್ಮೇಶ್ವರ, ಸವಣೂರು, ಬಂಕಾಪುರದ ಮೇಲೆ ಮುಂಡಗೋಡಕ್ಕೆ ಬಂದು ಶಿರಸಿ ಸೇರಬಹುದು. ಹುಬ್ಬಳ್ಳಿಯವರು ತಡಸ, ಮುಂಡಗೋಡದ ಮೇಲೆ ಶಿರಸಿಗೆ ಹೋದರೆ ಸುಮಾರು 100 ಕಿಲೋಮೀಟರ್, ಅಲ್ಲಿಂದ ಕುಮಟೆಗೆ 60. ಅರಬೈಲ್ ಇಳಿದು ಅಂಕೋಲೆಯಿಂದ ಕುಮಟೆಗೆ ಹೋಗುವುದೂ ಹೆಚ್ಚುಕಡಿಮೆ ಅಷ್ಟೇ ದೂರ. ಹಾಗಿದ್ದರೂ ಹುಬ್ಬಳ್ಳಿಯವರು ಕುಮಟೆಗೂ ಗೋಕರ್ಣಕ್ಕೂ ಕಣ್ಣುಮುಚ್ಚಿ ಯಲ್ಲಾಪುರದ ದಾರಿ ಹಿಡಿಯುವುದು ಬರಿಯ ರೂಢಿ.

ದೇವಿಮನೆಯ ಕೊರತೆ ಎಂದರೆ ಅಲ್ಲಿ ನಡೆದ ಅಗಲೀಕರಣ. ಸಾಗರಮಾಲಾ ಯೋಜನೆಯಡಿ ಈ ರಸ್ತೆಯನ್ನು ಅಗಲ ಮಾಡಲು ಗುಡ್ಡವನ್ನು ಹೊಸದಾಗಿ ಕಡಿಯಲಾಗಿದೆ. ಹೊಸದಾಗಿ ಕಡಿದ ಧರೆಯಲ್ಲಿ ಹುಲ್ಲು, ಬೇರು ಹಿಡಿದಿರುವುದಿಲ್ಲ; ಮೊದಲ ಕೆಲವು ಮಳೆಗಾಲಗಳಲ್ಲಿ ಅದು ಹಳೆಯ ಧರೆಗಿಂತ ಬೇಗ ಜಾರುತ್ತದೆ. ಕಾಮಗಾರಿಗಾಗಿ ಮಳೆಯಿಲ್ಲದ ದಿನಗಳಲ್ಲೂ ತಿಂಗಳುಗಟ್ಟಲೆ ಮುಚ್ಚಿದ ದಾರಿ ಇದು, ಆದ್ದರಿಂದ ಮಳೆ ಇಲ್ಲವೆಂದು ವಿಚಾರಿಸದೆ ಹೊರಡುವುದು ಸರಿಯಲ್ಲ. ಕಾರಿಗೆ, ದ್ವಿಚಕ್ರ ವಾಹನಕ್ಕೆ ಹಗಲಿನಲ್ಲಿ ಒಳ್ಳೆಯ ಆಯ್ಕೆ. ಭಾರ ಹೊತ್ತ ಲಾರಿಗೆ ಜುಲೈ, ಆಗಸ್ಟ್ ತಿಂಗಳಲ್ಲಿ ನಾನು ಶಿಫಾರಸು ಮಾಡುವುದಿಲ್ಲ.

ಶಿರಸಿಗೆ ಬಂದು ದೇವಿಮನೆ ಮುಚ್ಚಿದೆ ಎಂದು ತಿಳಿದರೆ ಕೈಯಲ್ಲಿ ಗೇರುಸೊಪ್ಪದ ಇನ್ನೂ ಒಂದು ದಾರಿ ಇರುತ್ತದೆ, ಅದೇ ಶಿರಸಿಯ ಹೆಚ್ಚುಗಾರಿಕೆ. ಯಲ್ಲಾಪುರದ ಆಚೆ ಅರಬೈಲಿನ ಬಾಯಲ್ಲಿ ಸಿಕ್ಕಿಕೊಂಡವನು ಯಲ್ಲಾಪುರಕ್ಕೆ ಮರಳಿ, ಮಂಚಿಕೇರಿಯ ಮೇಲೆ ಶಿರಸಿಗೆ 50 ಕಿಲೋಮೀಟರ್ ಬಂದು, ಕುಮಟೆಗೆ ಇಳಿದು, ಮತ್ತೆ ಅಂಕೋಲೆಗೆ ಏರಿ ಹೋಗುವುದೆಂದರೆ ಸುಮಾರು 65 ಕಿಲೋಮೀಟರಿನ ಜಾಗದಲ್ಲಿ 140ಕ್ಕೂ ಹೆಚ್ಚು. ಮಳೆಯಲ್ಲಿ ಅದು ನಾಲ್ಕು ಗಂಟೆಗೆ ಕಡಿಮೆಯಿಲ್ಲದ ದಾರಿ.

ಗೇರುಸೊಪ್ಪ: ಸುತ್ತು ಅನ್ನಿಸಿದರೂ ನಂಬಬಹುದಾದದ್ದು

ಶಿರಸಿಯಿಂದ ಸಿದ್ದಾಪುರ, ಮಾವಿನಗುಂಡಿಯ ಮೇಲೆ ಶರಾವತಿ ಕಣಿವೆಗುಂಟ ಹೊನ್ನಾವರಕ್ಕೆ ಇಳಿಯುವ ದಾರಿ ಇದು. ಮಾವಿನಗುಂಡಿಯಿಂದ ಮುಂದೆ ಹಳೆಯ 206, ಈಗಿನ 69ನೆಯ ಹೆದ್ದಾರಿ. ಇಲ್ಲಿನವರು ಮಾಲೆಮನೆ ಘಟ್ಟ ಎನ್ನುತ್ತಾರೆ. ಇಳಿಜಾರು ನಿಧಾನ, ಕಾಡು ದಟ್ಟ. ಮರದ ಬೇರು ಹಿಡಿದ ಗುಡ್ಡ ಜಾರುವುದೇ ಇಲ್ಲ ಎಂದು ಯಾರೂ ಹೇಳಲಾರರು, ಮರ ಬಿದ್ದು ದಾರಿ ಕಟ್ಟುವುದು ಇಲ್ಲೂ ಉಂಟು. ಆದರೂ ನಾನು ಬಳಸಿದ ಘಟ್ಟಗಳಲ್ಲಿ ಮಳೆಗಾಲದಲ್ಲಿ ಮನಸ್ಸಿಗೆ ಹೆಚ್ಚು ಸಮಾಧಾನ ಕೊಟ್ಟದ್ದು ಇದೇ. ಹುಬ್ಬಳ್ಳಿಯಿಂದ ಹೊನ್ನಾವರಕ್ಕೆ ಈ ದಾರಿಯಲ್ಲಿ 200 ಕಿಲೋಮೀಟರಿನ ಆಸುಪಾಸು, ಅರಬೈಲಿನ ಮೇಲೆ 190ರ ಆಸುಪಾಸು. ಹೊನ್ನಾವರ, ಮುರ್ಡೇಶ್ವರ, ಭಟ್ಕಳ, ಕೊಲ್ಲೂರಿಗೆ ಹೋಗುವವರು ಹತ್ತು-ಹದಿನೈದು ಕಿಲೋಮೀಟರ್ ಉಳಿಸಲು ಅರಬೈಲ್ ಮತ್ತು ಶಿರೂರು ಎರಡನ್ನೂ ಹಾಯುವ ಅಪಾಯ ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ, ಹುಬ್ಬಳ್ಳಿಯ ಕಾಳುಕಡಿ ಹೊತ್ತು ಉಡುಪಿ, ಮಂಗಳೂರಿಗೆ ಹೋಗುವ ಲಾರಿಯವರಿಗೂ ಉಳಿಯುವುದು ಇದೇ ಆಯ್ಕೆ. ತೀರ್ಥಹಳ್ಳಿಯ ಮೇಲೆ ಆಗುಂಬೆ ಹತ್ತಿರವೆನಿಸಿದರೂ ಅದರ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಮಳೆಗಾಲದಲ್ಲಿ ಭಾರಿ ವಾಹನ ಬಿಡುವುದಿಲ್ಲ.

ಅಣಶಿ ಮತ್ತು ಕೈಗಾ

ನಕ್ಷೆಯಲ್ಲಿ ಇವೆರಡೂ ಕಾರವಾರಕ್ಕೆ ಒಳ್ಳೆಯ ಪರ್ಯಾಯದಂತೆ ಕಾಣುತ್ತವೆ, ಮೊಬೈಲು ಸೂಚಿಸುವುದೂ ಇವನ್ನೇ. ಧಾರವಾಡದವರು ಹಳಿಯಾಳ, ದಾಂಡೇಲಿ, ಜೊಯಿಡಾದ ಮೇಲೆ ಅಣಶಿ ಇಳಿದು ಕದ್ರಾ ಸೇರಿದರೆ ಕಿಲೋಮೀಟರ್ ಲೆಕ್ಕದಲ್ಲಿ ದೊಡ್ಡ ನಷ್ಟವಿಲ್ಲ. ಯಲ್ಲಾಪುರದಿಂದ ಕೈಗಾದ ಮೇಲೆ ಇಳಿಯುವ ದಾರಿಯೂ ಹಾಗೆಯೇ. ಆದರೆ ಇವು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮತ್ತು ಅದರ ಸುತ್ತಲಿನ ಕಾಡಿನ ದಾರಿಗಳು. ಗಂಟೆಗಟ್ಟಲೆ ಸಿಗ್ನಲ್ ಸಿಗುವುದಿಲ್ಲ, ಪೆಟ್ರೋಲ್ ಬಂಕುಗಳು ವಿರಳ, ಎದುರಿಗೆ ಬಸ್ಸು ಬಂದರೆ ಸರಿದು ನಿಲ್ಲಲು ಜಾಗ ಹುಡುಕಬೇಕು. ಅರಬೈಲಿನಲ್ಲಿ ಗುಡ್ಡ ಕುಸಿಯುವಷ್ಟು ಮಳೆ ಬಂದ ದಿನ ಅದೇ ಮಳೆ ಇಲ್ಲೂ ಬಿದ್ದಿರುತ್ತದೆ. ಹೆದ್ದಾರಿಗೆ ಬಂದಷ್ಟು ಬೇಗ ಜೆಸಿಬಿ ಇಲ್ಲಿಗೆ ಬರುವುದಿಲ್ಲ. ಕೆಳಗೆ ಕದ್ರಾ ಅಣೆಕಟ್ಟಿನ ಗೇಟು ತೆರೆದರೆ ಕಾಳಿ ದಂಡೆಯ ರಸ್ತೆಗಳಿಗೂ ನೀರು ಬರಬಹುದು. ಹೆದ್ದಾರಿ ಕುಸಿದ ದಿನ ಈ ದಾರಿಗಳನ್ನು ಪರ್ಯಾಯವೆಂದು ಎಣಿಸಬೇಡಿ ಎಂದೇ ನನ್ನ ಖಚಿತ ಸಲಹೆ. ಅಕ್ಟೋಬರಿನ ಮೇಲೆ ಹಗಲಿನಲ್ಲಿ ಹೋಗಲು ಇವಕ್ಕಿಂತ ಚೆಲುವಾದ ದಾರಿಗಳು ಕಡಿಮೆ, ಆ ಮಾತು ಬೇರೆ.

ಗೋವಾಕ್ಕೆ ಹೋಗುವವರು

ಧಾರವಾಡ, ಅಳ್ನಾವರ, ರಾಮನಗರದ ಮೇಲೆ ಅನಮೋಡ ಘಟ್ಟ ಇಳಿದು ಮೊಲ್ಲೆಂಗೆ ಹೋಗುವ ದಾರಿ ಎರಡು ರಾಜ್ಯಗಳಿಗೆ ಸೇರಿದ್ದು. 2025ರ ಜುಲೈನಲ್ಲಿ ಗೋವಾದ ಬದಿಯಲ್ಲಿ ರಸ್ತೆಯ ಅಂಚು ಕುಸಿದಾಗ ಭಾರಿ ವಾಹನ ನಿಲ್ಲಿಸುವ ಆದೇಶ ಬಂದದ್ದು ಅಲ್ಲಿನ ಆಡಳಿತದಿಂದ. ಆದ್ದರಿಂದ ಈ ದಾರಿಗೆ ಉತ್ತರ ಕನ್ನಡದ ಸುದ್ದಿಯೊಂದನ್ನೇ ನೋಡಿದರೆ ಸಾಲದು, ಗೋವಾದ ಸುದ್ದಿಯನ್ನೂ ನೋಡಬೇಕು. ಅನಮೋಡ ಮುಚ್ಚಿದರೆ ಬೆಳಗಾವಿಯಿಂದ ಚೋರ್ಲಾ ಘಟ್ಟವಿದೆ; ಕಾರಿಗೆ ಸರಿ, ಭಾರಿ ವಾಹನಕ್ಕೆ ಮೊದಲೇ ವಿಚಾರಿಸಬೇಕು.

ರೈಲು ಸುರಕ್ಷಿತ ಪರ್ಯಾಯ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಕುಳೆಂಗೆ ಇಳಿಯುವ ಹಳಿ 37ಕ್ಕೆ 1ರ ಕಡಿದಾದ ಇಳಿಜಾರಿನದು. 2021ರ ಜುಲೈ 23ರಂದು ಇದೇ ಘಟ್ಟದಲ್ಲಿ ಮಣ್ಣು ಕುಸಿದು ಪ್ರಯಾಣಿಕರ ರೈಲೊಂದು ಹಳಿ ತಪ್ಪಿತು. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ದಶಕಗಳಿಂದ ಯೋಜನೆಯಾಗಿಯೇ ಉಳಿದಿರುವುದರಿಂದ ನೇರ ರೈಲಿನ ಮಾತು ಸದ್ಯಕ್ಕಿಲ್ಲ.

ಆದೇಶ ಓದುವುದು, ಕಾಯುವುದು, ಮರಳುವುದು

ದಾರಿ ಮುಚ್ಚುವ ಅಧಿಕಾರ ಜಿಲ್ಲಾಧಿಕಾರಿಯದು. ಸಾಮಾನ್ಯವಾಗಿ ಮೋಟಾರು ವಾಹನ ಕಾಯ್ದೆ 1988ರ 115ನೆಯ ಕಲಮಿನಡಿ ಹೊರಡುವ ಆದೇಶದಲ್ಲಿ ಯಾವ ಬಗೆಯ ವಾಹನ, ಯಾವ ದಿನಾಂಕದವರೆಗೆ, ಯಾವ ಬದಲಿ ಮಾರ್ಗ ಎಂಬುದು ಬರೆದಿರುತ್ತದೆ. ‘ಸಂಪೂರ್ಣ ನಿಷೇಧ’ ಎಂಬುದಕ್ಕೂ ‘ಭಾರಿ ವಾಹನ ಸಂಚಾರ ನಿಷೇಧ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ವಾಟ್ಸ್ಆ್ಯಪ್ ಸಂದೇಶಗಳು ನುಂಗಿಬಿಡುತ್ತವೆ. ಹಳೆಯ ವರ್ಷದ ವಿಡಿಯೊಗಳು ಪ್ರತಿ ಜುಲೈನಲ್ಲೂ ಹೊಸದಾಗಿ ಸುತ್ತುತ್ತವೆ. ಆದೇಶದ ಪ್ರತಿಯಲ್ಲಿ ದಿನಾಂಕ ನೋಡಿ, ಅಥವಾ ಉತ್ತರ ಕನ್ನಡ ಜಿಲ್ಲಾ ನಿಯಂತ್ರಣ ಕೊಠಡಿಯನ್ನು ಕೇಳಿ. ಜಿಲ್ಲೆಯೊಳಗಿದ್ದರೆ 1077ಕ್ಕೆ ಕರೆ ಮಾಡಿದರೆ ಸಾಕು. ನಾನು ಹೆಚ್ಚು ನಂಬುವುದು ಬಸ್ ನಿಲ್ದಾಣವನ್ನು. ಬೆಳಗಿನ ಬಸ್ಸು ಘಟ್ಟದ ಕೆಳಗಿನಿಂದ ಮೇಲೆ ಬಂದಿದೆಯೇ, ಯಾವ ದಾರಿಯಲ್ಲಿ ಬಂದಿತು ಎಂದು ವಾಯವ್ಯ ಸಾರಿಗೆಯ ಸಂಚಾರ ನಿಯಂತ್ರಕರನ್ನು ಅಥವಾ ಆ ಬಸ್ಸಿನ ಚಾಲಕರನ್ನೇ ಕೇಳಿದರೆ, ಯಾವ ನಕ್ಷೆಯೂ ಹೇಳದ ಉತ್ತರ ಎರಡು ನಿಮಿಷದಲ್ಲಿ ಸಿಗುತ್ತದೆ.

ಕಾಯುವುದೂ ಒಂದು ಆಯ್ಕೆಯೇ, ಆದರೆ ಎಲ್ಲಿ ಕಾಯುತ್ತೇವೆ ಎಂಬುದು ಮುಖ್ಯ. ಒಮ್ಮೆ ಇಡಗುಂದಿ ದಾಟಿದ ಮೇಲೆ ‘ಇನ್ನೊಂದು ತಾಸು’ ಎಂಬ ಮಾತು ನಂಬಿ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಧರೆಯ ಕೆಳಗೆ ಕಾರಿನಲ್ಲಿ ಕೂತಿದ್ದೇವೆ. ಮಕ್ಕಳಿಗೆ ನೀರಿರಲಿಲ್ಲ, ಹಿಂದೆ ತಿರುಗಲು ಜಾಗವಿರಲಿಲ್ಲ. ಆ ದಿನ ಯಲ್ಲಾಪುರದಲ್ಲೇ ನಿಂತಿದ್ದರೆ ಊಟ, ವಸತಿ, ಶಿರಸಿಯ ರಸ್ತೆ ಮೂರೂ ಕೈಯಳತೆಯಲ್ಲಿದ್ದವು. ಶಿರೂರಿನಲ್ಲಿ ಹೋದ ಜೀವಗಳನ್ನು ನೆನೆದಾಗಲೆಲ್ಲ ಅನ್ನಿಸುವುದು, ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೆಂದೂ ವಿಶ್ರಾಂತಿಗೆಂದೂ ಮಳೆಗಾಲದಲ್ಲಿ ಯಾರೂ ವಾಹನ ನಿಲ್ಲಿಸಬಾರದು. ಮೇಲಿನಿಂದ ಸಣ್ಣ ಕಲ್ಲುಗಳು ಉದುರುತ್ತಿದ್ದರೆ, ಚರಂಡಿಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ರಸ್ತೆಯಲ್ಲಿ ಉದ್ದನೆಯ ಬಿರುಕು ಕಂಡರೆ, ಮರ ಅಥವಾ ಕಂಬ ವಾಲಿದ್ದರೆ ಮುಂದೆ ಹೋಗದೆ ಹಿಂತಿರುಗಬೇಕು.

ಆಸ್ಪತ್ರೆಯ ತುರ್ತಿಗೆ ಮಾತ್ರ ಈ ಲೆಕ್ಕವೇ ಬೇರೆ. ಉತ್ತರ ಕನ್ನಡದಿಂದ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಸರ್ಕಾರಿ ಆಸ್ಪತ್ರೆಗೆ ರೋಗಿಗಳನ್ನು ಕರೆತರುವುದು ರೂಢಿ. ನಮ್ಮ ಬಂಧುಗಳೂ ಹಾಗೆಯೇ ಬರುತ್ತಾರೆ. ಘಟ್ಟ ಮುಚ್ಚಿದ ದಿನ ಸುತ್ತುದಾರಿಯಲ್ಲಿ ಹುಬ್ಬಳ್ಳಿಗೇ ಬರಬೇಕೆಂಬ ಹಟ ಬೇಡ. ಹೊನ್ನಾವರ, ಭಟ್ಕಳದಿಂದ ಮಣಿಪಾಲಕ್ಕೆ, ಕಾರವಾರದಿಂದ ಗೋವಾದ ಬಾಂಬೋಲಿಂನ ವೈದ್ಯಕೀಯ ಕಾಲೇಜಿಗೆ ಘಟ್ಟ ಹತ್ತದೆ ಕರಾವಳಿಯಲ್ಲೇ ಹೋಗಬಹುದು. ನಾವು ಇಲ್ಲಿಂದ ಅಲ್ಲಿಗೆ ಹೋಗಿ ಸೇರಿಕೊಳ್ಳುವುದು ಮರುದಿನವಾದರೂ ನಡೆಯುತ್ತದೆ.

ಇಳಿಯುವಾಗ ತೆರೆದಿದ್ದ ಘಟ್ಟ ಮರಳುವ ದಿನ ತೆರೆದಿರಬೇಕೆಂದೇನಿಲ್ಲ. ಹೊರಡುವ ಮೊದಲೇ ಏರುವುದಕ್ಕೆ ಇನ್ನೊಂದು ಘಟ್ಟವನ್ನು ಗೊತ್ತುಮಾಡಿಕೊಂಡು, ಟ್ಯಾಂಕ್ ತುಂಬಿಸಿ, ಒಂದು ದಿನದ ಔಷಧಿ ಹೆಚ್ಚಿಗೆ ಇಟ್ಟುಕೊಂಡು ಹೊರಡಿ. ಕುಮಟಾದಿಂದ ನಾವು ಮರಳುವುದು ಬೆಳಿಗ್ಗೆ ಎಂಟರ ಮೇಲೆಯೇ. ಅಷ್ಟರಲ್ಲಿ ಶಿರಸಿಯಿಂದ ಮೊದಲ ಬಸ್ಸು ಬಂದಿಲ್ಲವಾದರೆ ಅಕ್ಕ ಇನ್ನೊಂದು ಲೋಟ ಅಕ್ಕಿ ನೆನೆಹಾಕುತ್ತಾಳೆ, ನಾವು ಚೀಲ ಒಳಗೆ ಇಡುತ್ತೇವೆ.